ಸಿಹಿನೀರಿನ ಹುಳುವೂ ಜಿರಾಫೆಯೂ

ಲಾಮಾರ್ಕ್ ಎಂಬ ಫ್ರೆಂಚ್ ಪಂಡಿತನ ಹೆಸರು ಪಾಠಪುಸ್ತಕಗಳಲ್ಲಿ ಬರುವುದು ಒಂದೇ ಒಂದು ಪ್ರಾಣಿಯ ಜತೆಯಲ್ಲಿ. ಎತ್ತರದ ಮರದ ಎಲೆಗೆ ಕತ್ತು ಚಾಚಿ ಚಾಚಿ ಜಿರಾಫೆಯ ಕೊರಳು ಉದ್ದವಾಯಿತೆಂದು ಅವನು ಹೇಳಿದನು. ಡಾರ್ವಿನ್ನನು ಅದನ್ನು ತಿದ್ದಿದನು. ಇಷ್ಟಕ್ಕೆ ಕಥೆ ಮುಗಿಯುತ್ತದೆ. ಮೋಟುಕೊರಳಿನದೊಂದು, ನಡುಕೊರಳಿನದೊಂದು, ನೀಳಕೊರಳಿನದೊಂದು, ಹೀಗೆ ಮೂರು ಜಿರಾಫೆಗಳ ಚಿತ್ರವನ್ನು ಪಕ್ಕದಲ್ಲಿ ಅಚ್ಚುಮಾಡುವುದೂ ವಾಡಿಕೆಯಾಗಿದೆ. ಆದರೆ 1809 ರಲ್ಲಿ ಪ್ರಕಟವಾದ ಲಾಮಾರ್ಕನ ‘ಫಿಲೊಸೊಫಿ ಜೂಲೊಜಿಕ್’ ಎರಡು ಸಂಪುಟಗಳ ಗ್ರಂಥ. ಅದರಲ್ಲಿ ಜಿರಾಫೆಗೆ ದೊರೆತಿರುವುದು ಒಂದು ಸಣ್ಣ ಕಂಡಿಕೆ ಮಾತ್ರ. ಗ್ರಂಥಕರ್ತನ ಉದ್ಯೋಗವೋ, ಹುಳುಗಳ ಅಧ್ಯಾಪನ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅವನು ಹುಳು, ಶಂಖ, ಹವಳ, ನಕ್ಷತ್ರಮೀನುಗಳ ನಡುವೆ ಬಾಳಿದನು. ಹುಳುವಿನ ಪಂಡಿತನು ಜಿರಾಫೆಯ ಪಂಡಿತನೆನಿಸಿಕೊಂಡದ್ದು ಹೇಗೆ, ಈ ಎರಡು ಪ್ರಾಣಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವುದು ಪ್ರಾಣಿಶಾಸ್ತ್ರದಲ್ಲಿ ಎಂತಹ ಕಲಹಕ್ಕೆ ಕಾರಣವಾಯಿತು ಎಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಕಥೆಯು ಲಾಮಾರ್ಕನಿಗಿಂತ ಮೊದಲೇ ಪ್ರಾರಂಭವಾಗುತ್ತದೆ. 1740 ರಲ್ಲಿ ಹಾಲೆಂಡಿನ ಹೇಗ್ ಪಟ್ಟಣದ ಬಳಿಯ ಸೋರ್ಗ್‌ವ್ಲೀಟ್ ಎಂಬ ಬಂಗಲೆಯಲ್ಲಿ ಅಬ್ರಹಾಂ ತ್ರಾಂಬ್ಲೆ ಎಂಬವನು ಬೆಂಟಿಂಕ್ ಪ್ರಭುವಿನ ಇಬ್ಬರು ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದನು. ಹಳ್ಳದ ನೀರನ್ನು ಗಾಜಿನ ಪಾತ್ರೆಯಲ್ಲಿ ತುಂಬಿಟ್ಟು ಹುಡುಗರಿಗೆ ತೋರಿಸುತ್ತಿರುವಾಗ, ಹಸುರುಬಣ್ಣದ, ಕೈಗಳಂತಹ ಎಳೆಗಳುಳ್ಳ ಒಂದು ಸೂಕ್ಷ್ಮ ಜೀವಿಯು ಅವನ ಕಣ್ಣಿಗೆ ಬಿದ್ದಿತು. ಗಿಡವೋ ಪ್ರಾಣಿಯೋ ಎಂಬ ಸಂದೇಹ. ಕತ್ತರಿಸಿ ನೋಡಿದರೆ ತಿಳಿದೀತು, ಗಿಡವಾದರೆ ಚಿಗುರೀತು, ಪ್ರಾಣಿಯಾದರೆ ಸತ್ತೀತು ಎಂದು ಅವನು ಅದನ್ನು ಎರಡಾಗಿ ಕತ್ತರಿಸಿದನು. ಎರಡು ತುಂಡುಗಳೂ ಬದುಕಿ ಎರಡು ಪೂರ್ಣ ಜೀವಿಗಳಾದವು. ಅಷ್ಟೇ ಅಲ್ಲ, ಅವು ನಡೆದವು, ಬೇಟೆಯಾಡಿದವು. ಇಂದು ಹೈಡ್ರಾ ಎಂದು ಕರೆಯಲ್ಪಡುವ ಜೀವಿ ಇದೇ. ಲಂಡನ್ನಿನ ರಾಯಲ್ ಸೊಸೈಟಿಯು 1743 ರಲ್ಲಿ ತ್ರಾಂಬ್ಲೆಗೆ ಕಾಪ್ಲಿ ಪದಕವನ್ನು ಕೊಟ್ಟಿತು. 1744 ರಲ್ಲಿ ಅವನ ಗ್ರಂಥವು ಹೊರಬಂದಿತು.

ಹೈಡ್ರಾ ಹುಳುವಲ್ಲ. ಹುಳುವನ್ನು ಪರೀಕ್ಷಿಸಿದವನು ತ್ರಾಂಬ್ಲೆಯ ಬಂಧುವೂ ಜಿನೀವ ನಗರದವನೂ ಆದ ಶಾರ್ಲ್ ಬೊನೆ. ವಯಸ್ಸು ಇಪ್ಪತ್ತೊಂದು; ಓದುತ್ತಿದ್ದುದು ನ್ಯಾಯಶಾಸ್ತ್ರ; ಮನಸ್ಸೆಲ್ಲ ಕೀಟಗಳಲ್ಲಿ. ಹೈಡ್ರಾದ ಸುದ್ದಿಯನ್ನು ತಿಳಿದ ಮೇಲೆ 1741 ರಲ್ಲಿ ಅವನು ಕೆಸರುಹಳ್ಳಗಳ ಸಿಹಿನೀರಿನಲ್ಲಿ ಸಿಕ್ಕುವ ನೀಳವಾದ, ಕೆಂಪುಛಾಯೆಯ ಒಂದು ಹುಳುವನ್ನು ತೆಗೆದುಕೊಂಡು ಎರಡಾಗಿ ಕತ್ತರಿಸಿದನು. ತಲೆಯ ತುಂಡಿಗೆ ಬಾಲವೂ ಬಾಲದ ತುಂಡಿಗೆ ತಲೆಯೂ ಮೂಡಿದವು. ಮೂರಾಗಿ, ನಾಲ್ಕಾಗಿ, ಎಂಟಾಗಿ, ಕೊನೆಗೆ ಇಪ್ಪತ್ತಾರಾಗಿ ಕತ್ತರಿಸಿದನು. ಬಹುಪಾಲು ತುಂಡುಗಳು ಬದುಕಿಕೊಂಡವು. ಇನ್ನೊಂದು ವಿಚಿತ್ರವನ್ನೂ ಅವನು ಮರೆಮಾಚದೆ ಬರೆದಿಟ್ಟನು: ಒಂದು ಬಗೆಯ ಹುಳುವಿನಲ್ಲಿ ತಲೆ ಮೂಡಬೇಕಾದೆಡೆಯಲ್ಲಿ ಮತ್ತೊಂದು ಬಾಲವೇ ಮೂಡಿತು. ತನ್ನ ಮತಕ್ಕೆ ಇದರಿಂದ ಆಗುವ ತೊಡಕನ್ನು ಅವನು ಅರಿಯದವನಲ್ಲ. ಆದುದರಿಂದ ಈ ಪ್ರಾಮಾಣಿಕತೆ ಹೆಚ್ಚಿನದು.

ತೊಡಕು ಏನೆಂದರೆ, ಬೊನೆಯು ಆಸ್ತಿಕ. ಆತ್ಮವು ಅವಿಭಾಜ್ಯವೆಂದು ನಂಬಿದವನು. ಹುಳುವನ್ನು ಇಪ್ಪತ್ತಾರು ಭಾಗ ಮಾಡಿದಾಗ ಅದರ ಚೈತನ್ಯವು ಯಾವ ಭಾಗದಲ್ಲಿ ನಿಂತಿತು? ಪ್ರತಿಯೊಂದು ತುಂಡಿಗೂ ಹೊಸ ಚೈತನ್ಯವು ಎಲ್ಲಿಂದ ಬಂದಿತು? ನಾಸ್ತಿಕರು ಇದನ್ನು ಕೂಡಲೇ ಕೈಗೆತ್ತಿಕೊಂಡರು. ಲಾ ಮೆತ್ರಿ ಎಂಬ ವೈದ್ಯನು 1747 ರಲ್ಲಿ ಮನುಷ್ಯನೇ ಒಂದು ಯಂತ್ರವೆಂದು ವಾದಿಸುವ ತನ್ನ ಗ್ರಂಥದಲ್ಲಿ ತ್ರಾಂಬ್ಲೆಯ ಜೀವಿಯನ್ನು ಸಾಕ್ಷಿಗೆ ಕರೆದನು. ಬೊನೆಯ ಸಮಾಧಾನ ಬೇರೆ. ಹುಳುವಿನ ಮೈಯಲ್ಲೆಲ್ಲ ಬೀಜಾಂಕುರಗಳು ಮೊದಲಿನಿಂದಲೂ ಹರಡಿಕೊಂಡಿವೆ. ಕತ್ತರಿಯ ಗಾಯವು ಅವುಗಳಿಗೆ ಎಚ್ಚರವಾಗುವ ಸಂದರ್ಭವನ್ನು ಮಾತ್ರ ಒದಗಿಸುತ್ತದೆ. ಯಾವುದೂ ಹೊಸದಾಗಿ ಹುಟ್ಟುವುದಿಲ್ಲ, ಸೃಷ್ಟಿಯ ದಿನವೇ ಎಲ್ಲವೂ ಒಳಗೆ ಮಡಿಸಿಡಲ್ಪಟ್ಟಿದೆ ಎಂಬುದು ಅವನ ಸಿದ್ಧಾಂತ. ತಲೆಯ ಜಾಗದಲ್ಲಿ ಬಾಲ ಮೂಡಿದ ಹುಳುವು ಈ ಸಿದ್ಧಾಂತದ ಮುಂದೆ ಉತ್ತರವಿಲ್ಲದ ಪ್ರಶ್ನೆಯಾಗಿಯೇ ನಿಂತಿತು.

1745 ರಲ್ಲಿ ಪ್ರಕಟವಾದ ಬೊನೆಯ ಕೀಟಗ್ರಂಥದ ಎರಡನೆಯ ಭಾಗವು ಈ ಸಿಹಿನೀರಿನ ಹುಳುಗಳಿಗೆ ಮೀಸಲು. ಅದೇ ಗ್ರಂಥದ ಮೊದಲಲ್ಲಿ ಜೀವಾಜೀವಗಳ ಒಂದು ಸೋಪಾನಪಂಕ್ತಿಯ ಪಟವಿದೆ. ಕೆಳಗೆ ಅಗ್ನಿ, ವಾಯು ಮೊದಲಾದ ಭೂತಗಳು, ಅವುಗಳ ಮೇಲೆ ಲೋಹ, ಶಿಲೆ, ಸಸ್ಯ, ಸಸ್ಯಕ್ಕೂ ಕೀಟಕ್ಕೂ ನಡುವೆ ಹೈಡ್ರಾ, ಆಮೇಲೆ ಕೀಟ, ಶಂಖ, ಹಾವು, ಮೀನು, ಹಕ್ಕಿ, ಆಮೇಲೆ ಚತುಷ್ಪಾದಿಗಳು, ತುದಿಯಲ್ಲಿ ಮನುಷ್ಯ. ಜಿರಾಫೆಯು ಚತುಷ್ಪಾದಿಗಳ ಮೆಟ್ಟಿಲಿನಲ್ಲಿ ತಾನಾಗಿ ಸೇರುತ್ತದೆ. ಹುಳುವಿಗೂ ಅದಕ್ಕೂ ಇರುವ ಸಂಬಂಧ ಮೆಟ್ಟಿಲಿಗೂ ಮೆಟ್ಟಿಲಿಗೂ ಇರುವ ಸಂಬಂಧವೇ ಹೊರತು ಅಜ್ಜನಿಗೂ ಮೊಮ್ಮಗನಿಗೂ ಇರುವುದಲ್ಲ. ಜೈನಾಗಮವನ್ನು ಬಲ್ಲ ಕನ್ನಡ ವಿದ್ವಾಂಸರಿಗೆ ಇಂತಹ ಶ್ರೇಣಿಯು ಅಪರಿಚಿತವಲ್ಲ. ಸ್ಪರ್ಶವೊಂದೇ ಉಳ್ಳ ಗಿಡದಿಂದ ಮೊದಲ್ಗೊಂಡು, ಸ್ಪರ್ಶ ರಸನಗಳೆರಡುಳ್ಳ ಕೃಮಿ, ಮೂರುಳ್ಳ ಇರುವೆ, ನಾಲ್ಕುಳ್ಳ ತುಂಬಿ, ಐದೂ ಉಳ್ಳ ಮನುಷ್ಯ ಎಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಇಂದ್ರಿಯಗಳ ಲೆಕ್ಕದಿಂದ ಏರಿಸುತ್ತದೆ. ಆದರೆ ಅಲ್ಲಿ ಜೀವವು ಕರ್ಮವಶದಿಂದ ಮೆಟ್ಟಿಲುಗಳನ್ನು ಏರಿ ಇಳಿಯಬಲ್ಲದು. ಬೊನೆಯ ಪಟದಲ್ಲಿ ಹತ್ತುವವರಿಲ್ಲ, ಇಳಿಯುವವರೂ ಇಲ್ಲ. ಎರಡನ್ನೂ ಒಂದೇ ಎನ್ನುವುದು ದುಡುಕಾದೀತು.

ಆ ನಿಶ್ಚಲವಾದ ಏಣಿಯನ್ನು ಅಲುಗಿಸಿದವನು ಲಾಮಾರ್ಕ್. ಬೊನೆಯ ಗ್ರಂಥ ಹೊರಬರುವ ಹಿಂದಿನ ವರ್ಷ, 1744 ರಲ್ಲಿ, ಅವನ ಜನನ. ಮೊದಲು ಸೈನಿಕ, ಅನಂತರ ಸಸ್ಯಶಾಸ್ತ್ರಜ್ಞ. ಫ್ರಾನ್ಸಿನ ಸಸ್ಯಗಳನ್ನು ಕುರಿತ ಗ್ರಂಥದಿಂದ 1778 ರಲ್ಲಿ ಹೆಸರಾದನು. ಮಹಾಕ್ರಾಂತಿಯ ನಡುವೆ, 1793 ರಲ್ಲಿ, ಪ್ಯಾರಿಸ್ಸಿನ ರಾಜೋದ್ಯಾನವು ರಾಷ್ಟ್ರೀಯ ಪ್ರಕೃತಿವಿಜ್ಞಾನ ಸಂಗ್ರಹಾಲಯವಾಗಿ ಮಾರ್ಪಟ್ಟಾಗ ಪ್ರಾಣಿಶಾಸ್ತ್ರಕ್ಕೆ ಎರಡು ಪೀಠಗಳು ಏರ್ಪಟ್ಟವು. ಸ್ತನ್ಯಪ್ರಾಣಿಗಳೂ ಪಕ್ಷಿಗಳೂ ಇಪ್ಪತ್ತೊಂದು ವಯಸ್ಸಿನ ಜೊಫ್ರುವಾ ಸ್ಯಾಂತಿಲೇರನ ಪಾಲಿಗೆ ಬಂದವು. ಐವತ್ತರ ಹತ್ತಿರದಲ್ಲಿದ್ದ ಲಾಮಾರ್ಕನ ಪಾಲಿಗೆ ಬಂದದ್ದು ‘ಕೀಟಗಳು, ಹುಳುಗಳು ಮತ್ತು ಸೂಕ್ಷ್ಮಜೀವಿಗಳು’. ಎಂದರೆ, ಲಾಮಾರ್ಕನ ಹೆಸರಿಗೆ ಇಂದು ಅಂಟಿಕೊಂಡಿರುವ ಜಿರಾಫೆಯು ಉದ್ಯೋಗಧರ್ಮದ ಪ್ರಕಾರ ಅವನದೇ ಅಲ್ಲ, ಜೊಫ್ರುವಾನದು!

ಹುಳುಗಳ ಪೀಠವು ಗೌರವದ ಪೀಠವಾಗಿರಲಿಲ್ಲ. ಲಿನೇಯಸ್ಸನು ಪ್ರಾಣಿಗಳನ್ನು ಆರು ವರ್ಗಗಳಾಗಿ ವಿಭಾಗಿಸಿ, ಮೊದಲ ಐದರಲ್ಲಿ ಸೇರದುದನ್ನೆಲ್ಲ ‘ಹುಳುಗಳು’ ಎಂಬ ಆರನೆಯದಕ್ಕೆ ತಳ್ಳಿದ್ದನು. ಮನೆಯ ಅಟ್ಟದಲ್ಲಿ ಮುರಿದ ತೊಟ್ಟಿಲೂ ಹಳೆಯ ಕೊಪ್ಪರಿಗೆಯೂ ಒಟ್ಟಿಗೆ ಬಿದ್ದಿರುವಂತೆ ಬಸವನಹುಳು, ಹವಳ, ನಕ್ಷತ್ರಮೀನು, ಕರುಳಿನ ಜಂತು, ಎರೆಹುಳು ಎಲ್ಲವೂ ಅಲ್ಲಿದ್ದವು. ಮೀನಿಗೆ ಹತ್ತಿರದ ಒಂದು ಜಂತುವೂ ತಪ್ಪಿ ಅಲ್ಲಿ ಸೇರಿತ್ತು. ಲಾಮಾರ್ಕನು ಈ ಅಟ್ಟವನ್ನು ಗುಡಿಸಿ ಒಪ್ಪವಿಟ್ಟನು. ಬೆನ್ನೆಲುಬುಳ್ಳವು, ಬೆನ್ನೆಲುಬಿಲ್ಲದವು ಎಂದು ಇಂದು ಶಾಲೆಯ ಮಕ್ಕಳೂ ಹೇಳುವ ವಿಭಾಗವು ಅವನಿಂದ ಬಂದದ್ದು. 1801 ರಲ್ಲಿ ಅಕಶೇರುಕಗಳನ್ನು ಕುರಿತ ಅವನ ಮೊದಲ ಗ್ರಂಥವು ಪ್ರಕಟವಾಯಿತು. 1815 ರಿಂದ 1822 ರವರೆಗೆ ಏಳು ಸಂಪುಟಗಳ ಮಹಾಗ್ರಂಥವು ಬಂದಿತು.

ಹುಳುಗಳೇ ಅವನಿಗೆ ವಿಕಾಸತತ್ತ್ವವನ್ನು ಕಲಿಸಿದುವು. ಜಿರಾಫೆಯಿಂದ ಕೆಳಕ್ಕೆ ಇಳಿಯುತ್ತ ಬಂದರೆ ಒಂದೊಂದು ಅಂಗವೂ ಕಳಚಿಹೋಗುವುದು ಕಾಣುತ್ತದೆ: ಬೆನ್ನೆಲುಬು, ಹೃದಯ, ರಕ್ತನಾಳ, ನರತಂತು, ಕೊನೆಗೆ ಬಾಯಿ ಸಹ. ಈ ಇಳಿತವನ್ನು ತಿರುಗಿಸಿ ಓದಿದರೆ ಪ್ರಕೃತಿಯು ಕಾಲಕ್ರಮದಲ್ಲಿ ಏರಿದ ದಾರಿಯಾಗುತ್ತದೆ ಎಂಬುದು ಅವನ ಕಾಣ್ಕೆ. 1800 ರ ಮೇ ತಿಂಗಳಿನಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಪ್ರಾರಂಭೋಪನ್ಯಾಸದಲ್ಲಿ ಅವನು ಇದನ್ನು ಮೊದಲ ಬಾರಿಗೆ ಹೊರಗೆಡಹಿದನು.

ಆದರೆ ಹುಳುವು ತಾನು ಕಲಿಸಿದ ಪಾಠವನ್ನು ತಾನೇ ಕೆಡಿಸಿತು. ಸಿಹಿನೀರಿನ ಬೊನೆಯ ಹುಳು, ಎರೆಹುಳು, ಜಿಗಣೆ ಮೊದಲಾದ ಉಂಗುರಮೈಯ ಹುಳುಗಳನ್ನು ಬಗೆದು ನೋಡಿದಾಗ ಅವುಗಳಲ್ಲಿ ರಕ್ತನಾಳಗಳಿವೆ, ಹಲವುದರಲ್ಲಿ ರಕ್ತವು ಕೆಂಪಾಗಿದೆ, ಗಂಟುಗಂಟಾದ ನರತಂತುವಿದೆ ಎಂದು ಗೊತ್ತಾಯಿತು. ಕರುಳಿನ ಜಂತುವಿಗೆ ಇವೊಂದೂ ಇಲ್ಲವೆಂದು ಆಗ ತಿಳಿಯಲಾಗಿತ್ತು. ಎರಡನ್ನೂ ಒಂದೇ ಮೆಟ್ಟಿಲಿನಲ್ಲಿ ಕೂರಿಸುವುದು ಹೇಗೆ? 1802 ರಲ್ಲಿ ಲಾಮಾರ್ಕನು ಉಂಗುರದ ಹುಳುಗಳನ್ನು ಬೇರ್ಪಡಿಸಿ ಪ್ರತ್ಯೇಕ ವರ್ಗ ಮಾಡಿದನು. ಅವನಿಟ್ಟ ಅನೆಲಿಡ್ ಎಂಬ ಹೆಸರೇ ಇಂದಿಗೂ ನಿಂತಿದೆ. ಬೇರ್ಪಡಿಸಿದ ಮೇಲೆ ಅವು ಒಂದೇ ಸಾಲಿನ ಏಣಿಯಲ್ಲಿ ಎಲ್ಲಿಯೂ ಸರಿಯಾಗಿ ಕೂಡಲಿಲ್ಲ. ಆದುದರಿಂದಲೇ 1809 ರ ಗ್ರಂಥದ ಕೊನೆಯ ಅನುಬಂಧದಲ್ಲಿ ಏಣಿಯ ಬದಲು ಕವಲೊಡೆದ ಒಂದು ನಕ್ಷೆಯಿದೆ. ಅದರಲ್ಲಿ ಎರಡು ಆದಿಸ್ಥಾನಗಳು. ಹುಳುಗಳಿಂದ ಹೊರಟ ದಾರಿಯು ಒಡೆದು ಒಂದು ಕಡೆ ಕೀಟಗಳಿಗೂ ಇನ್ನೊಂದು ಕಡೆ ಉಂಗುರಹುಳು, ಮೃದ್ವಂಗಿ, ಮೀನು, ಸರೀಸೃಪಗಳ ಮೂಲಕ ಸ್ತನ್ಯಪ್ರಾಣಿಗಳಿಗೂ ಹೋಗುತ್ತದೆ. ಹುಳುವಿಗೂ ಜಿರಾಫೆಗೂ ವಂಶಸಂಬಂಧವನ್ನು ಕಟ್ಟುವ ಗೆರೆಯನ್ನು ಎಳೆದ ಮೊದಲಿಗರಲ್ಲಿ ಅವನೊಬ್ಬನು. ಗೆರೆಯ ವಿವರಗಳಲ್ಲಿ ತಪ್ಪುಗಳು ಹೇರಳವಾಗಿವೆ. ಗೆರೆಯನ್ನು ಎಳೆದ ಧೈರ್ಯಕ್ಕೆ ಅದರಿಂದ ಕುಂದಿಲ್ಲ.

ಈಗ ಜಿರಾಫೆಯ ಕಂಡಿಕೆಯನ್ನು ನೋಡಬಹುದು. ಆಫ್ರಿಕದ ಒಳನಾಡಿನಲ್ಲಿ, ನೆಲವು ಬಹುಕಾಲ ಒಣಗಿ ಹುಲ್ಲಿಲ್ಲದ ಕಡೆಯಲ್ಲಿ, ಈ ಪ್ರಾಣಿಯು ಮರದ ಎಲೆಗಳನ್ನು ಮೇಯಬೇಕಾಗಿದೆ. ಅದಕ್ಕಾಗಿ ಎಡೆಬಿಡದೆ ಪ್ರಯತ್ನಿಸುತ್ತದೆ. ಬಹುಕಾಲದ ಈ ಅಭ್ಯಾಸದಿಂದ ಜಾತಿಯ ಎಲ್ಲ ವ್ಯಕ್ತಿಗಳಲ್ಲಿಯೂ ಮುಂಗಾಲು ಹಿಂಗಾಲಿಗಿಂತ ಉದ್ದವಾಗಿ, ಕೊರಳು ನೀಳವಾಗಿ, ಹಿಂಗಾಲಮೇಲೆ ನಿಲ್ಲದೆಯೇ ತಲೆಯು ಆರು ಮೀಟರು ಎತ್ತರವನ್ನು ಮುಟ್ಟುವಂತಾಗಿದೆ. ಅವನ ಮಾತಿನ ತಾತ್ಪರ್ಯ ಇಷ್ಟೇ. ಲಾಮಾರ್ಕನ ಮತದಲ್ಲಿ ಎರಡು ಕಾರಣಗಳುಂಟು. ಸರಳವಾದುದನ್ನು ಜಟಿಲವಾಗಿಸುತ್ತ ಮೇಲಕ್ಕೆ ಒಯ್ಯುವ ಜೀವಶಕ್ತಿಯು ಮೊದಲನೆಯದು. ನೆಲ ನೀರುಗಳ ಸನ್ನಿವೇಶಕ್ಕೆ ತಕ್ಕಂತೆ ಆ ದಾರಿಯನ್ನು ಅತ್ತಿತ್ತ ಬಾಗಿಸುವ ಅಭ್ಯಾಸವು ಎರಡನೆಯದು. ಹುಳುವಿನಿಂದ ಸ್ತನ್ಯಪ್ರಾಣಿಯವರೆಗಿನ ಏರಿಕೆಯು ಮೊದಲನೆಯದರ ಕೆಲಸ. ಜಿರಾಫೆಯ ಕೊರಳು ಎರಡನೆಯದರ ಕೆಲಸ. ಅದು ಕಡಲಂಚಿನ ಹಕ್ಕಿಯ ಕಾಲು, ಕಾಂಗರೂವಿನ ಹಿಂಗಾಲುಗಳ ಸಾಲಿನಲ್ಲಿ ಬರುವ ಒಂದು ದೃಷ್ಟಾಂತ. ದೃಷ್ಟಾಂತವು ಸಿದ್ಧಾಂತವನ್ನೇ ನುಂಗಿತು.

ಇದಕ್ಕೆ ಒಂದು ಶಬ್ದದ ಭಾಷಾಂತರವೂ ಕಾರಣವಾಯಿತು ಎಂಬುದನ್ನು ಭಾಷಾಪಂಡಿತರು ಗಮನಿಸಬೇಕು. ಲಾಮಾರ್ಕನು ಬಳಸಿದ ‘ಬೆಜ್ವ್ಯಾಂ’ ಎಂಬ ಫ್ರೆಂಚ್ ಮಾತಿಗೆ ಅವಶ್ಯಕತೆ, ಅಗತ್ಯ ಎಂದರ್ಥ. ಅವನ ವಿರೋಧಿಗಳು ಅದನ್ನು ಇಚ್ಛೆಯೆಂದು ಮಾರ್ಪಡಿಸಿದರು. ಬಯಸಿದ್ದರಿಂದಲೇ ಕೊರಳು ಬೆಳೆಯಿತೆಂದರೆ ಯಾರಿಗೆ ನಗು ಬಾರದು? ಸಂಗ್ರಹಾಲಯದಲ್ಲಿ ಸಹೋದ್ಯೋಗಿಯಾಗಿದ್ದ ಕ್ಯೂವಿಯೆ ಲಾಮಾರ್ಕನ ಸ್ಮರಣೆಗಾಗಿ ಬರೆದ ಪ್ರಶಸ್ತಿಲೇಖವು ಈ ನಗುವನ್ನು ಶಾಶ್ವತಗೊಳಿಸಿತು. 1832 ರ ನವಂಬರಿನಲ್ಲಿ ಅದನ್ನು ಅಕಾಡೆಮಿಯಲ್ಲಿ ಓದಿದಾಗ ಬರೆದವನೂ ತೀರಿಹೋಗಿದ್ದನು. ಸತ್ತವನನ್ನು ಸತ್ತವನು ಹಳಿದ ಆ ಸಭೆಯು ವಿದ್ವತ್ಪ್ರಪಂಚಕ್ಕೆ ಶೋಭೆಯದಲ್ಲ.

ಕ್ಯೂವಿಯೆಯ ವಿರೋಧಕ್ಕೆ ಕೇವಲ ಮಾತ್ಸರ್ಯವನ್ನೇ ಕಾರಣವೆಂದು ಹೇಳುವುದೂ ನ್ಯಾಯವಲ್ಲ. ಅವನು 1812 ರಲ್ಲಿ ಪ್ರಾಣಿಗಳನ್ನೆಲ್ಲ ನಾಲ್ಕು ಮಹಾಶಾಖೆಗಳಾಗಿ ವಿಭಾಗಿಸಿದನು: ಬೆನ್ನೆಲುಬುಳ್ಳವು, ಮೃದ್ವಂಗಿಗಳು, ಗೆಣ್ಣುಮೈಯವು, ಕಿರಣಾಕಾರದವು. ಸಿಹಿನೀರಿನ ಉಂಗುರಹುಳು ಮೂರನೆಯದಕ್ಕೆ ಸೇರಿತು, ಜಿರಾಫೆ ಮೊದಲನೆಯದಕ್ಕೆ. ಒಂದು ಶಾಖೆಯೊಳಗೆ ಎಷ್ಟು ಬೇಕಾದರೂ ಹೋಲಿಸಬಹುದು. ಶಾಖೆಯನ್ನು ದಾಟಿ ಹೋಲಿಸಲಾಗದು, ಏಕೆಂದರೆ ಅವುಗಳ ಕಟ್ಟಡದ ಮೂಲನಕ್ಷೆಯೇ ಬೇರೆ. ಹುಳುವಿನ ನರತಂತು ಹೊಟ್ಟೆಯ ಕಡೆ, ಜಿರಾಫೆಯದು ಬೆನ್ನಿನ ಕಡೆ. ಇದಕ್ಕೆ ಜೊಫ್ರುವಾನು 1822 ರಲ್ಲಿ ಕೊಟ್ಟ ಉತ್ತರವು ಆಗ ಹುಚ್ಚುತನವೆನಿಸಿತು: ಏಡಿಯ ಜಾತಿಯ ಪ್ರಾಣಿಯನ್ನು ಅಂಗಾತ ಮಲಗಿಸಿ ನೋಡಿದರೆ ಅಂಗಗಳ ಜೋಡಣೆಯು ಬೆನ್ನೆಲುಬುಳ್ಳ ಪ್ರಾಣಿಗಳದನ್ನೇ ಹೋಲುತ್ತದೆ, ನಕ್ಷೆಯು ಒಂದೇ, ಮಗುಚಿದೆ ಅಷ್ಟೆ.

ಈ ಕಲಹದ ನಡುವೆ ಜಿರಾಫೆಯು ತಾನೇ ಪ್ಯಾರಿಸ್ಸಿಗೆ ಬಂದಿತು. ಈಜಿಪ್ಟಿನ ಪಾಷಾ ಮಹಮ್ಮದ್ ಅಲಿಯು ಹತ್ತನೆಯ ಚಾರ್ಲ್ಸ್ ದೊರೆಗೆ ಉಡುಗೊರೆಯಾಗಿ ಕಳುಹಿಸಿದ ಎಳೆಯ ಹೆಣ್ಣು ಜಿರಾಫೆಯು 1826 ರ ಅಕ್ಟೋಬರಿನಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದು ಚಳಿಗಾಲವನ್ನು ಅಲ್ಲಿಯೇ ಕಳೆಯಿತು. ಅದನ್ನು ಕರೆತರಲು ಹೋದವನು ಬೇರೆ ಯಾರೂ ಅಲ್ಲ, ಜೊಫ್ರುವಾನೇ. ಐವತ್ತೈದು ವಯಸ್ಸು, ಮೈಯಲ್ಲಿ ರೋಗ. ಆದರೂ 1827 ರ ಮೇ 20 ರಂದು ಹೊರಟು ಸುಮಾರು 880 ಕಿಲೋಮೀಟರು ದಾರಿಯನ್ನು ಜಿರಾಫೆಯೊಡನೆ ಕಾಲ್ನಡೆಯ ಪಯಣದಲ್ಲಿ ಕ್ರಮಿಸಿ ಜೂನ್ 30 ರಂದು ಪ್ಯಾರಿಸ್ಸನ್ನು ಸೇರಿದನು. ಹಾಲಿಗಾಗಿ ಹಸುಗಳು ಜತೆಯಲ್ಲಿ ನಡೆದವು. ಮಳೆಗಾಗಿ ಅದಕ್ಕೊಂದು ನಿಲುವಂಗಿಯೂ ಸಿದ್ಧವಾಗಿತ್ತು. ಊರೂರಿನಲ್ಲಿ ಜನ ಮುತ್ತಿದರು. ಪ್ಯಾರಿಸ್ಸಿನಲ್ಲಿ ಅದನ್ನು ಲಾಮಾರ್ಕನು ವಾಸವಾಗಿದ್ದ ಸಸ್ಯೋದ್ಯಾನದಲ್ಲಿಯೇ ಇರಿಸಲಾಯಿತು. ಆ ವೇಳೆಗೆ ಲಾಮಾರ್ಕನಿಗೆ ಎಂಬತ್ತಮೂರು ತುಂಬುತ್ತಲಿದ್ದಿತು. ಎಷ್ಟೋ ವರ್ಷಗಳಿಂದ ಅವನು ಕುರುಡ; ಅಕಶೇರುಕಗಳ ಗ್ರಂಥದ ಕೊನೆಯ ಭಾಗವನ್ನು ಮಗಳ ನೆರವಿನಿಂದ ಮುಗಿಸಿದ್ದನು. ಜಿರಾಫೆಯು ಜೀವಂತವಾಗಿ ಅಂಗಳಕ್ಕೆ ಬಂದಾಗ ಅದರ ಕೊರಳನ್ನು ಕುರಿತು ಬರೆದವನಿಗೆ ನೋಡುವ ಕಣ್ಣಿರಲಿಲ್ಲ. 1829 ರ ದಶಂಬರ 18 ರಂದು ಅವನು ತೀರಿಕೊಂಡನು. ಶವವನ್ನು ಮೊಂಪಾರ್ನಾಸ್ ಸ್ಮಶಾನದಲ್ಲಿ ಕೆಲವು ವರ್ಷಗಳ ಅವಧಿಯ ಗುಣಿಯಲ್ಲಿ ಹೂಳಲಾಯಿತು. ಅವಧಿ ಮುಗಿದ ಮೇಲೆ ಅಸ್ಥಿಗಳು ಎಲ್ಲಿ ಹೋದವೋ ತಿಳಿಯದು. ಜಿರಾಫೆಯು 1845 ರವರೆಗೆ ಬದುಕಿತು. ಅದರ ತುಂಬಿದ ಚರ್ಮದ ಪ್ರತಿಮೆಯು ಲಾ ರೊಶೆಲ್ ಪಟ್ಟಣದ ಸಂಗ್ರಹಾಲಯದಲ್ಲಿ ಇಂದಿಗೂ ಇದೆ.

1830 ರಲ್ಲಿ ಕ್ಯೂವಿಯೆಗೂ ಜೊಫ್ರುವಾನಿಗೂ ಅಕಾಡೆಮಿಯ ಸಭೆಗಳಲ್ಲಿ ನೇರವಾಗಿ ವಾದ ನಡೆದು, ಸಮಕಾಲಿಕರ ತೀರ್ಪಿನಲ್ಲಿ ಕ್ಯೂವಿಯೆಯೇ ಗೆದ್ದನು. ಹುಳುವನ್ನೂ ಜಿರಾಫೆಯನ್ನೂ ಹೋಲಿಸಬಾರದು ಎಂಬ ಪಕ್ಷವು ಕೆಲವು ಕಾಲ ನಿಂತಿತು.

ಆಮೇಲಿನ ಕಥೆಯು ಹೆಚ್ಚು ಪರಿಚಿತವಾದದ್ದು. 1858 ರಲ್ಲಿ ಲಿನಿಯನ್ ಸೊಸೈಟಿಯ ಮುಂದೆ ಓದಲ್ಪಟ್ಟ ಲೇಖನದಲ್ಲಿ ವಾಲೆಸ್ಸನು ಜಿರಾಫೆಯನ್ನೇ ಹಿಡಿದು ಲಾಮಾರ್ಕನನ್ನು ಖಂಡಿಸಿದನು; ಅಲ್ಲಿಯೂ ಇಚ್ಛೆಯೆಂಬ ಅಪಾರ್ಥವೇ ನುಸುಳಿದೆ. ಡಾರ್ವಿನ್ನನ 1859 ರ ಮೊದಲ ಮುದ್ರಣದಲ್ಲಿ ಜಿರಾಫೆಯ ಕೊರಳಿಗಿಂತ ನೊಣವೋಡಿಸುವ ಬಾಲಕ್ಕೇ ಹೆಚ್ಚು ಮನ್ನಣೆ. ಮೈವರ್ಟ್ ಎಂಬವನು 1871 ರಲ್ಲಿ ಕೊರಳನ್ನು ಮುಂದೊಡ್ಡಿ ಆಕ್ಷೇಪಿಸಿದ ಮೇಲೆಯೇ ಡಾರ್ವಿನ್ನನು 1872 ರ ಆರನೆಯ ಮುದ್ರಣದಲ್ಲಿ ವಿಸ್ತಾರವಾಗಿ ಉತ್ತರವಿತ್ತನು. ಪಾಠಪುಸ್ತಕಗಳ ಮೂರು ಜಿರಾಫೆಗಳಿಗೆ ಮೂಲವು ಈ ಖಂಡನಮಂಡನಗಳಲ್ಲಿದೆಯೇ ಹೊರತು ಲಾಮಾರ್ಕನ ಗ್ರಂಥದಲ್ಲಿಲ್ಲ.

ಲಾಮಾರ್ಕನ ಅಭ್ಯಾಸತತ್ತ್ವಕ್ಕೆ ಬಲವಾದ ಪೆಟ್ಟು ಕೊಟ್ಟವನು ಜರ್ಮನಿಯ ವೈಸ್‌ಮನ್. 1883 ರಿಂದ ಮುಂದೆ ಅವನು ಪ್ರತಿಪಾದಿಸಿದ್ದೇನೆಂದರೆ: ಪ್ರಾಣಿಯಲ್ಲಿ ಬೀಜದ ಕಣಗಳು ಬೇರೆ, ಮೈಯ ಕಣಗಳು ಬೇರೆ, ಮೈಗೆ ಆದದ್ದು ಬೀಜಕ್ಕೆ ಮುಟ್ಟುವುದಿಲ್ಲ. ಜಿರಾಫೆಯ ಕೊರಳು ಎಷ್ಟು ಚಾಚಿದರೂ ಕರುವಿಗೆ ಅದರ ಫಲವಿಲ್ಲ. ಜಿರಾಫೆಯ ಮಟ್ಟಿಗೆ ಈ ಮಾತು ನಿಲ್ಲುತ್ತದೆ. ಆದರೆ ಸಿಹಿನೀರಿನ ಹುಳುವನ್ನು ಮುಂದಿಟ್ಟರೆ ಗೆರೆಯು ಮಾಸುತ್ತದೆ. ಬೊನೆಯು ಕತ್ತರಿಸಿದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ಲುಂಬ್ರಿಕುಲಸ್ ಎಂಬ ಹುಳುವು ಕತ್ತರಿಯನ್ನು ಕಾಯದೆ ತಾನೇ ತುಂಡಾಗಿ ಸಂತಾನವನ್ನು ಬೆಳೆಸುತ್ತದೆ. ಅಲ್ಲಿ ತಾಯಿಯ ಮೈಯೇ ಮಕ್ಕಳ ಮೈ. ಮೈಯ ಕಣಗಳಿಂದಲೇ ಹೊಸ ತಲೆ, ಹೊಸ ಬಾಲ. ಆದರೂ ಇದರಿಂದ ಲಾಮಾರ್ಕನ ಮತವು ಸಿದ್ಧವಾಯಿತೆಂದು ಹೇಳಲಾಗದು; ಅಭ್ಯಾಸದಿಂದ ಬಂದ ಗುಣವು ಸ್ಥಿರವಾಗಿ ನಿಲ್ಲುತ್ತದೆಂಬುದಕ್ಕೆ ಆ ತುಂಡುಗಳು ಸಾಕ್ಷಿಯಲ್ಲ. ಆದರೆ ಜಿರಾಫೆಗೆ ಹಾಕಿದ ನಿಯಮವನ್ನು ಎಲ್ಲ ಪ್ರಾಣಿಗಳಿಗೂ ಹಾಗೆಯೇ ಹಾಕಲಾಗದೆಂಬುದು ಮಾತ್ರ ನಿಜ. ಹುಳುಗಳ ಅಧ್ಯಾಪಕನನ್ನು ಜಿರಾಫೆಯ ನ್ಯಾಯಸ್ಥಾನದಲ್ಲಿ ಮಾತ್ರ ವಿಚಾರಿಸಿದ್ದು ಸರಿಯೇ ಎಂಬ ಪ್ರಶ್ನೆಯು ಇಲ್ಲಿ ಏಳುತ್ತದೆ.

ಕ್ಯೂವಿಯೆಯ ಗೋಡೆಗಳೂ ಹಾಗೆಯೇ ಉಳಿಯಲಿಲ್ಲ. 1984 ರಲ್ಲಿ ಹಣ್ಣುನೊಣದ ಮೈಯ ಭಾಗಗಳನ್ನು ತಲೆಯಿಂದ ಬಾಲದವರೆಗೆ ನಿರ್ಣಯಿಸುವ ವಂಶಾಣುಗಳಲ್ಲಿ ಒಂದು ಸಮಾನಭಾಗವು ಗೊತ್ತಾಯಿತು. ಅದೇ ಕುಟುಂಬದ ವಂಶಾಣುಗಳು ಉಂಗುರಹುಳುಗಳಲ್ಲಿಯೂ ಸ್ತನ್ಯಪ್ರಾಣಿಗಳಲ್ಲಿಯೂ ಅದೇ ಬಗೆಯ ಕೆಲಸದಲ್ಲಿ ತೊಡಗಿವೆ. 1990 ರ ದಶಕದಲ್ಲಿ ನೊಣದ ಹೊಟ್ಟೆಯ ಕಡೆಯನ್ನು ನಿರ್ಣಯಿಸುವ ವಸ್ತುವಿಗೆ ಸಮಾನವಾದುದು ಕಪ್ಪೆಯಲ್ಲಿ ಬೆನ್ನಿನ ಕಡೆಯನ್ನು ನಿರ್ಣಯಿಸುತ್ತದೆಂದು ಕಂಡುಬಂದಿತು. ಮಗುಚಿದ ನಕ್ಷೆಯೆಂಬ ಜೊಫ್ರುವಾನ ಮಾತು ನೂರ ಎಪ್ಪತ್ತು ವರ್ಷಗಳ ಮೇಲೆ ಹೀಗೆ ಮರ್ಯಾದೆಯನ್ನು ಪಡೆಯಿತು. ಆದರೆ ಹುಳುವಿನ ಉಂಗುರಕ್ಕೂ ಜಿರಾಫೆಯ ಬೆನ್ನೆಲುಬಿನ ಮಣಿಗೂ ಒಂದೇ ಮೂಲವೇ, ಅಥವಾ ಎರಡೂ ಬೇರೆ ಬೇರೆಯಾಗಿ ಹುಟ್ಟಿದುವೇ ಎಂಬ ವಿವಾದವು ತೀರಿಲ್ಲ. ವ್ಯತ್ಯಾಸವಂತೂ ಕಣ್ಣಿಗೆ ಹೊಡೆಯುತ್ತದೆ. ಹುಳುವು ಉದ್ದವಾಗಬೇಕಾದರೆ ಉಂಗುರಗಳನ್ನು ಕೂಡಿಸಿಕೊಳ್ಳುತ್ತದೆ. ಜಿರಾಫೆಯ ಕೊರಳಲ್ಲಿ ಮನುಷ್ಯನ ಕೊರಳಲ್ಲಿರುವಷ್ಟೇ, ಏಳೇ ಮಣಿಗಳು. ಒಂದೊಂದೂ ಮೊಳದ ಅರ್ಧಕ್ಕಿಂತ ಹೆಚ್ಚಾಗಿ ಬೆಳೆದಿದೆ. ಧ್ವನಿಪೆಟ್ಟಿಗೆಗೆ ಹೋಗುವ ಒಂದು ನರವು ಮಿದುಳಿನಿಂದ ಎದೆಯವರೆಗೆ ಇಳಿದು, ಹೃದಯದ ಬಳಿಯ ಮಹಾಧಮನಿಯನ್ನು ಸುತ್ತಿ, ಪುನಃ ಕೊರಳುದ್ದಕ್ಕೂ ಮೇಲೇರುತ್ತದೆ. ಹೊಸದಾಗಿ ಕಟ್ಟುವವನು ಇಷ್ಟು ಸುತ್ತಿಸುತ್ತಿರಲಿಲ್ಲ; ಮೀನಿನ ಕಾಲದ ಹಳೆಯ ದಾರಿಯನ್ನು ಬಿಡಲಾರದೆ ಹಿಗ್ಗಿಸಿಕೊಂಡು ಬಂದದ್ದರ ಗುರುತು ಅದು.

ಬೊನೆಯು ತನ್ನ ಮಧ್ಯವಯಸ್ಸಿಗೆ ಮೊದಲೇ ದೃಷ್ಟಿಮಾಂದ್ಯದಿಂದ ಸೂಕ್ಷ್ಮದರ್ಶಕವನ್ನು ಬಿಟ್ಟು ತತ್ತ್ವಚಿಂತನೆಗೆ ತಿರುಗಿ, 1793 ರಲ್ಲಿ, ಲಾಮಾರ್ಕನಿಗೆ ಹುಳುಗಳ ಪೀಠ ಸಿಕ್ಕಿದ ವರ್ಷವೇ, ಕಾಲವಾದನು. ಅವನ ಹುಳುವು ಇಂದಿಗೂ ಪ್ರಯೋಗಶಾಲೆಗಳ ತಟ್ಟೆಗಳಲ್ಲಿ ಕತ್ತರಿಸಲ್ಪಡುತ್ತಿದೆ. ಮೀನು ಸಾಕುವವರ ಅಂಗಡಿಗಳಲ್ಲಿ ಮೀನಿನ ಮೇವಾಗಿ ಮಾರಾಟಕ್ಕೂ ಸಿಕ್ಕುತ್ತದೆ.